ಕಣ್ಣಿಡುವ ಕೈ

ರಾಗಿ ಹೊಟ್ಟು ಉಗುರಿನ ಸಂದಿಯಲ್ಲಿ ಚುಚ್ಚುತ್ತಿದೆ, ಚುಚ್ಚಲಿ, ಇಪ್ಪತ್ತೊಂದು ವರ್ಷ ಈ ಉಗುರಿಗೆ ಮುಸುರೆ ಬಿಟ್ಟು ಬೇರೇನು ಸಿಕ್ಕಿತ್ತು, ಏಕಾಂತಮ್ಮ ಹುತ್ತದ ಮಣ್ಣಿನ ಮುದ್ದೆಯನ್ನು ಗೋಡೆಗೆ ಒತ್ತಿದಳು, ಬಸವನ ಬೆನ್ನ ಮೇಲೆ ಹಿಣಿಲು ಉಬ್ಬಿತು — ಹತ್ತಿ, ಗೋಣಿ ನಾರು, ಹುಣಸೆಬೀಜದ ಅಂಟು, ಕೈ ಏನನ್ನೂ ಮರೆತಿಲ್ಲ, ಐಮಂಗಲದಲ್ಲಿ ಅವ್ವ ಕಲಿಸಿದ್ದು, ನುಣ್ಣಗೆ ಮಾಡಬ್ಯಾಡ ಕಣೇ, ಮುಟ್ಟಿದ್ರೆ ಎತ್ತಿನ ಮೈ ಮುಟ್ಟಿದಂಗಿರಬೇಕು — ಈ ಮನೆತನದಲ್ಲಿ ಗೋಡೆಯ ಮೇಲೆ ಬಸವ ಏಳದೆ ಹಸೆಮಣೆ ಹಾಕುವಂತಿಲ್ಲ, ಗಂಡ ಸತ್ತವಳು ಆ ಗೋಡೆ ಮುಟ್ಟುವಂತೆಯೂ ಇಲ್ಲ, ಇಪ್ಪತ್ತೆರಡಕ್ಕೇ ಕೈ ತೊಳೆಸಿದರು, ನಲವತ್ತಮೂರಕ್ಕೆ ಈಗ ಬೇಕಾದಳು, ಯಾಕೆಂದರೆ ಹೊಸದುರ್ಗದ ಗೋಡೆ ಕೆಲಸದವನನ್ನು ಪ್ಲೇಗು ಒಯ್ದಿತು, ಮೈದುನ ನಾಗಣ್ಣನ ಮಗಳ ಮದುವೆ ಅದಕ್ಕಾಗಿ ನಿಲ್ಲುವುದಿಲ್ಲವಲ್ಲ. ಎಷ್ಟು ಮೆತ್ತಗೆ ಬಂದು ನಿಂತಿದ್ದ, ಕಂಬಕ್ಕೆ ಒರಗಿ, ಅತ್ತಿಗೆ, ಕೆಲ್ಸ ನೀವು ಮಾಡ್ರಿ, ಹೆಸ್ರು ಓಬಕ್ಕಂದು ಇರ್ಲಿ, ಬೀಗರು ಕೇಳಿದ್ರೆ ಏನೂ ಅನ್ನಬ್ಯಾಡ್ರಿ — ಓಬಕ್ಕ, ಅವನ ಹೆಂಡತಿ, ಬಾಗಿಲ ಮುಂದೆ ರಂಗೋಲಿಯ ಒಂದು ಗೆರೆ ನೆಟ್ಟಗೆ ಎಳೆಯಲಾರದವಳು, ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತಂತೆ. ಹೂಂ ಅಂದದ್ದು ಯಾಕೆ, ಮಣ್ಣು ಮುಟ್ಟುವ ಆಸೆಗೆ, ಅಷ್ಟೇ.

ಮೂರು ದಿನ ಕದ್ದವಳ ಹಾಗೆ ಹಿತ್ತಿಲ ಕೋಣೆಯಿಂದ ಬಂದು ಹೋದಳು, ಮೈಯೆಲ್ಲ ಸಿಟ್ಟು, ಆದರೂ ಕೈಗೆ ಖುಷಿ, ಅದಕ್ಕೇ ಇನ್ನಷ್ಟು ಸಿಟ್ಟು, ನಾಚಿಕೆಗೆಟ್ಟ ಕೈ, ಯಾರ ಗೋಡೆಯಾದರೇನು ಇದಕ್ಕೆ. ಕೋಡು ಆಯಿತು, ಗೆಜ್ಜೆಸರ ಆಯಿತು, ಕಣ್ಣೊಂದು ಬಾಕಿ, ಅದನ್ನು ಮುತ್ತೈದೆಯೇ ಇಡಬೇಕು, ಕಣ್ಣಿಟ್ಟವರದ್ದೇ ಬಸವ, ಅಲ್ಲಿಯವರೆಗೆ ಹೆಬ್ಬೆರಳಗಲದ ಹಸಿ ತಗ್ಗು, ಮಲಗಿದರೂ ಎದ್ದರೂ ಅದೇ ಕುರುಡು ತಗ್ಗು — ಹೊರಗೆ ಗಲಾಟೆ, ಚಿಕ್ಕಜಾಜೂರಲ್ಲಿ ರೈಲು ಇಳಿದ ಬೀಗರ ಗಾಡಿಗಳು ಬಂದವು, ಓಬಕ್ಕ ಕಣ್ಣಿಡಲು ತಟ್ಟೆಯಲ್ಲಿ ಕಾಡಿಗೆ ಹಿಡಿದು ಒಳಗೆ ಬಂದಳು, ಹಿಂದೆ ನಾಲ್ಕು ಮುತ್ತೈದೆಯರು, ಅಕ್ಕ, ಆ ಕಡೆ ಸರಿಯಕ್ಕ, ಒಳಗ್ಹೋಗಿ ಕೈ ತೊಳ್ಕೋ — ಕೈ ತೊಳ್ಕೋ, ಅಂದೂ ಇದನ್ನೇ ಅಂದಿದ್ದರು, ಮಣಿಕಟ್ಟನ್ನು ಕಲ್ಲಿನ ಮೇಲಿಟ್ಟು ಹಸಿರು ಬಳೆ ಒಡೆದ ದಿನ, ಒಂದು ಚೂರನ್ನು ಮುಷ್ಟಿಯಲ್ಲಿ ಉಳಿಸಿಕೊಂಡದ್ದು ಯಾರಿಗೂ ಗೊತ್ತಿಲ್ಲ, ಸೊಂಟದ ಚೀಲದಲ್ಲೇ ಇದೆ, ಇಲ್ಲ, ಈಗ ಕೈಯಲ್ಲಿದೆ, ಹೆಬ್ಬೆರಳು ಆ ಚೂರನ್ನು ತಗ್ಗಿಗೆ ಒತ್ತಿತು, ರಕ್ತ ಬಂತು, ಬರಲಿ, ಅಯ್ಯೋ ಏನ್ಮಾಡಿದ್ಯಕ್ಕ, ಓಬಕ್ಕ ಕಾಡಿಗೆಯ ತಟ್ಟೆಯನ್ನು ಸೆರಗಿನಡಿ ಮರೆಮಾಡುತ್ತಿದ್ದಾಳೆ, ಬೀಗಿತ್ತಿ ಹೊಸಿಲಲ್ಲೇ ನಿಂತಿದ್ದಾಳೆ, ಜೀವ ಬಂದಂಗೈತೆ, ಯಾರವ್ವ ಮಾಡಿದ್ದು, ಅವಳ ಹಿಂದೆ ನಾಗಣ್ಣ ಕಣ್ಣಲ್ಲೇ ಬೇಡ ಅನ್ನುತ್ತಿದ್ದಾನೆ, ನಾನು, ಅಂದಳು ಏಕಾಂತಮ್ಮ, ನಾನೇ ಮಾಡಿದ್ದು, ಕಣ್ಣಿಟ್ಟವಳೂ ನಾನೇ — ಒಳಗೆ ಹೋಗುವುದಿಲ್ಲ, ಕೈ ತೊಳೆಯುವುದಿಲ್ಲ, ಹಸಿರು ಕಣ್ಣು, ಒಬ್ಬೊಬ್ಬರನ್ನೇ ನೋಡುತ್ತಿದೆ, ಹಸಿರು ಕಣ್ಣು, ರೆಪ್ಪೆಯಿಲ್ಲದ ಹಸಿರು ಕಣ್ಣು