ಮೂರು ಬಾರಿ ಎಚ್ಚರಿಕೆ

ಸಚಿವಾಲಯದಲ್ಲಿ ಅವಳನ್ನು ಎಲ್ಲರೂ ಮೂಲೆ ಮೇಡಂ ಎಂದೇ ಕರೆಯುತ್ತಿದ್ದರು. ಸರ್ಕಾರ ವಾರಕ್ಕೊಮ್ಮೆ ಗಡಿಯ ಸುದ್ದಿ, ಸಶಸ್ತ್ರ ಪೊಲೀಸರ ಸುದ್ದಿ ಎಲ್ಲ ಸೇರಿಸಿ ಟಿವಿಯಲ್ಲಿ ನೇರಪ್ರಸಾರದ ವರದಿ ಕೊಡುತ್ತದಲ್ಲ, ಆಗ ಪರದೆಯ ಮೂಲೆಯಲ್ಲಿ ಕಪ್ಪು ಅಂಗಿ ತೊಟ್ಟು ನಿಂತು, ವಕ್ತಾರರು ಹೇಳಿದ್ದನ್ನೆಲ್ಲ ಕಿವಿ ಕೇಳದವರಿಗಾಗಿ ಕೈಯಲ್ಲಿ ಹೇಳುವವಳು ಅವಳೇ. ಅವಳ ದನಿ ಹೇಗಿದೆಯೆಂದು ಆ ಕಟ್ಟಡದ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಕೆಲವರಂತೂ ಅವಳಿಗೂ ಮಾತು ಬಾರದು ಎಂದುಕೊಂಡು ಲಿಫ್ಟಿನಲ್ಲಿ ಸುಮ್ಮನೆ ಕೈ ತಿರುಗಿಸಿ ನಗುತ್ತಿದ್ದರು. ಅವಳು "ಮೂರನೇ ಮಹಡಿ ಒತ್ತಿ" ಎಂದರೆ ಬೆಚ್ಚಿಬೀಳುತ್ತಿದ್ದರು.

ವಕ್ತಾರರಿಗೂ ಒಂದು ಅಡ್ಡಹೆಸರಿತ್ತು, ಹತೋಟಿ ಸಾಹೇಬರು. ಊರಿಗೆ ಊರೇ ಹೊತ್ತಿ ಉರಿಯುತ್ತಿದ್ದರೂ "ಪರಿಸ್ಥಿತಿ ಹತೋಟಿಯಲ್ಲಿದೆ" ಎನ್ನದೆ ಅವರ ವರದಿ ಮುಗಿಯುತ್ತಿರಲಿಲ್ಲ. ಆ ಮಾತಿಗೆ ಅವಳ ಕೈ ಎಷ್ಟು ಪಳಗಿತ್ತೆಂದರೆ, ಅವರು ಬಾಯಿ ತೆರೆಯುವಷ್ಟರಲ್ಲಿ ಇವಳದು ಮುಗಿದಿರುತ್ತಿತ್ತು.

ವರದಿಯ ಪ್ರತಿ ಸ್ವಲ್ಪ ಮುಂಚೆಯೇ ಅವಳ ಕೈಗೆ ಬರುವುದು ವಾಡಿಕೆ. ಕಷ್ಟದ ಪದವಿದ್ದರೆ ಯೋಚಿಸಿಕೊಳ್ಳಲಿ ಎಂದು. ಆ ಮಧ್ಯಾಹ್ನ ಮೇಕಪ್ ಕೋಣೆಯ ಕನ್ನಡಿಯ ಮುಂದೆ ಕೂತು ಓದುತ್ತಿದ್ದವಳ ಕಣ್ಣು ಒಂದು ಸುದ್ದಿಯ ಮೇಲೆ ನಿಂತಿತು. 'ಮೀಸಲು ಪಡೆಯ ಶಸ್ತ್ರಾಗಾರದ ಬಳಿ ನಿಷೇಧಿತ ರಸ್ತೆಯಲ್ಲಿ ವ್ಯಕ್ತಿಯೊಬ್ಬ ಹರಿತವಾದ ಆಯುಧಗಳೊಂದಿಗೆ ಬರುತ್ತಿದ್ದ. ಧ್ವನಿವರ್ಧಕದಲ್ಲಿ ಮೂರು ಬಾರಿ ಎಚ್ಚರಿಕೆ ನೀಡಿದರೂ ನಿಲ್ಲದ ಕಾರಣ ಕಾಲಿಗೆ ಗುಂಡು ಹಾರಿಸಲಾಯಿತು. ವಿಚಾರಣೆಯಲ್ಲಿ ಆತ ಬಾಯಿ ಬಿಡುತ್ತಿಲ್ಲ. ಶತ್ರು ದೇಶದ ನಂಟಿನ ಶಂಕೆಯಿದ್ದು, ನಾಳೆ ನ್ಯಾಯಾಲಯಕ್ಕೆ ಹಾಜರುಪಡಿಸಲಾಗುವುದು.'

ಆ ವ್ಯಕ್ತಿ ಯಾರೆಂದು ಅವಳಿಗೆ ಬೆಳಿಗ್ಗೆಯೇ ಅಮ್ಮನ ವಿಡಿಯೋ ಕರೆಯಿಂದ ಗೊತ್ತಾಗಿತ್ತು. ಕಿವಿ ಕೇಳದವರು ಹೆಸರನ್ನು ಕೂಗುವುದಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಕೈಸನ್ನೆ ಇಟ್ಟಿರುತ್ತಾರೆ. ಅವನದು ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಳ್ಳುವ ಸನ್ನೆ. ಬಡಗಿ ಅವನು. ಹುಟ್ಟುಕಿವುಡ. ಅವಳ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲವಾದ್ದರಿಂದ ಅವಳು ಬೆಳೆದದ್ದೇ ಆ ಜನರ ನಡುವೆ. ಅಮ್ಮ ಕೈಯಲ್ಲಿ ಒಳ್ಳೆಯ ಮಾತು ಕಲಿಸಿದರೆ, ಬೈಗುಳವನ್ನೆಲ್ಲ ಕಲಿಸಿದವನು ಪಕ್ಕದ ಮನೆಯ ಈ ಪೆನ್ಸಿಲ್. ಅವನು ತನ್ನ ಉಳಿ, ಸುತ್ತಿಗೆ ಹಿಡಿದು ದಿನಾ ಹೋಗುವ ದಾರಿಯಲ್ಲೇ ಕೆಲಸಕ್ಕೆ ಹೊರಟಿದ್ದ. ಆ ದಾರಿ ಬಂದ್ ಆಗಿದೆಯೆಂದು ಹಿಂದಿನ ಸಂಜೆ ಜೀಪಿನಲ್ಲಿ ಮೈಕು ಕಟ್ಟಿ ಕೂಗಿಕೊಂಡು ಹೋಗಿದ್ದರಂತೆ. ಕೂಗಿದರೆ ಅವನಿಗೇನು ಗೊತ್ತಾಗಬೇಕು?

ಅವಳು ಪ್ರತಿಯನ್ನು ಹಿಡಿದುಕೊಂಡು ಮಾಹಿತಿ ಅಧಿಕಾರಿಯ ಕೋಣೆಗೆ ನುಗ್ಗಿದಳು. ಆತ ಊಟದ ಡಬ್ಬಿ ಮುಚ್ಚುತ್ತಿದ್ದ.

"ಸಾರ್, ಈ ಮನುಷ್ಯನಿಗೆ ಕಿವಿ ಕೇಳಲ್ಲ. ಮೂರು ಸಲ ಅಲ್ಲ, ಮುನ್ನೂರು ಸಲ ಕೂಗಿದ್ರೂ ಅಷ್ಟೇ. ಬಾಯಿ ಬಿಡ್ತಿಲ್ಲ ಅಂತ ಬರ್ದಿದೀರಲ್ಲ, ಅವನು ಹುಟ್ಟಿದಾಗಿಂದ ಬಾಯಿ ಬಿಟ್ಟಿಲ್ಲ!"

"ನಿಮಗೆ ಯಾರು ಹೇಳಿದ್ದು?"

"ನಮ್ಮ ಪಕ್ಕದ ಮನೆಯವನು ಸಾರ್."

"ಹಾಗಾದ್ರೆ ಇನ್ನೂ ಹುಷಾರಾಗಿರಿ." ಆತ ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. "ಇದು ದೇಶದ ಭದ್ರತೆ ವಿಷಯ. ನೆರೆಹೊರೆಯವರನ್ನೂ ಕರೆಸಿ ಕೇಳ್ತಾರೆ. ನೋಡಿಮ್ಮ, ನಿಮ್ಮ ಕೆಲಸ ಏನು? ಹೇಳಿದ್ದನ್ನ ಹೇಳೋದು. ಒಂದಕ್ಷರ ಸೇರಿಸೋ ಹಾಗಿಲ್ಲ, ಒಂದಕ್ಷರ ಬಿಡೋ ಹಾಗಿಲ್ಲ. ಕೆಲಸಕ್ಕೆ ಸೇರುವಾಗ ನೀವೇ ಪ್ರಮಾಣ ಮಾಡಿದ್ದು, ಮರೆತ್ರಾ?"

ಅವಳ ಮೈಯೆಲ್ಲ ಉರಿದುಹೋಯಿತು. ಆದರೆ ಆತ ಹೇಳಿದ್ದು ಸುಳ್ಳಾಗಿರಲಿಲ್ಲ. ಆ ಕಸುಬಿನ ನಿಯಮವೇ ಅದು. ಮಂತ್ರಿ ಸುಳ್ಳು ಹೇಳಿದರೆ ಸುಳ್ಳನ್ನೇ ಹೇಳಬೇಕು, ಬೈದರೆ ಬೈಗುಳವನ್ನೇ ಹೇಳಬೇಕು, ನಡುವೆ ತನ್ನದೊಂದು ಮಾತು ತೂರಿಸಿದರೆ ಕಸುಬು ಕೆಟ್ಟಂತೆ. ಇಷ್ಟು ವರ್ಷ ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಾಲಿಸಿದ್ದಳು. ಹಲ್ಲು ಕಚ್ಚಿಕೊಂಡು ಹೊರಬಂದಳು.

ಸಭಾಂಗಣ ತುಂಬಿತ್ತು. ಮೊದಲ ಸಾಲಿನ ಕೊನೆಯ ಕುರ್ಚಿಯಲ್ಲಿ ಗುಳಿಕೆನ್ನೆ ಕೂತಿದ್ದಳು. ಕೆನ್ನೆಗೆ ಬೆರಳೊತ್ತುವುದು ಅವಳ ಸನ್ನೆ. ಪೆನ್ಸಿಲ್‌ನ ಸ್ವಂತ ಅಕ್ಕ, ಅವಳಿಗೂ ಕಿವಿ ಕೇಳದು. ಕಿವುಡರ ಸಂಘದ ಮಾಸಪತ್ರಿಕೆ ನಡೆಸುವವಳು. 'ನಮ್ಮ ಸರ್ಕಾರಕ್ಕೆ ಎಲ್ಲರೂ ಒಂದೇ' ಎಂದು ತೋರಿಸಿಕೊಳ್ಳಲು ಹೋದ ವರ್ಷ ಸಚಿವಾಲಯದವರೇ ಅವಳಿಗೆ ಪತ್ರಕರ್ತರ ಪಾಸು ಕೊಟ್ಟು, ಫೋಟೋ ಹೊಡೆಸಿ, ಆಮೇಲೆ ಮರೆತೂಬಿಟ್ಟಿದ್ದರು. ಅವಳು ಮಾತ್ರ ವಾರ ತಪ್ಪಿಸಿರಲಿಲ್ಲ. ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಈಗ ಅವಳು ಅಷ್ಟು ಜನರ ಎದುರಿಗೇ ಕೈಯಲ್ಲಿ ಮಾತಾಡಿದಳು. ಕ್ಯಾಮೆರಾದವರು, ಪೇದೆಗಳು, ಪತ್ರಕರ್ತರು ಎಲ್ಲರೂ ನೋಡುತ್ತಿದ್ದರು, ಒಬ್ಬರಿಗೂ ತಿಳಿಯಲಿಲ್ಲ.

"ಆಸ್ಪತ್ರೆಗೆ ಹೋಗಿದ್ದೆ ತಂಗಿ. ಒಳಗೆ ಬಿಡ್ಲಿಲ್ಲ. ಬಾಗಿಲ ಗಾಜಿನಲ್ಲಿ ನೋಡಿದೆ. ಎರಡೂ ಕೈಗೆ ಕೋಳ ಹಾಕಿ ಮಂಚಕ್ಕೆ ಬಿಗಿದಿದಾರೆ. ನನ್ನ ನೋಡಿ ಅತ್ತ. ಒಂದು ಮಾತೂ ಆಡೋಕಾಗ್ಲಿಲ್ಲ ಅವನಿಗೆ."

ಮೂಲೆ ಮೇಡಂ ಪ್ರತಿಯನ್ನು ಮಡಿಸಿ ಜೇಬಿಗಿಟ್ಟಳು. ಗುಳಿಕೆನ್ನೆಯ ಕೈ ಮತ್ತೆ ಆಡಿತು.

"ಇವತ್ತು ನಾನು ಪ್ರಶ್ನೆ ಕೇಳ್ತೀನಿ. ಇದ್ದದ್ದು ಇದ್ದ ಹಾಗೆ ಹೇಳ್ತೀಯಾ?"

ಅವಳು ಉತ್ತರ ಕೊಡುವಷ್ಟರಲ್ಲಿ ದೀಪಗಳು ಹೊತ್ತಿಕೊಂಡವು. ಹತೋಟಿ ಸಾಹೇಬರು ಟೈ ಸರಿಮಾಡಿಕೊಂಡು ಬಂದರು. ಅವಳ ಕಿವಿಯೊಳಗಿನ ಇಯರ್‌ಫೋನಿನಲ್ಲಿ ಮಾಹಿತಿ ಅಧಿಕಾರಿಯ ದನಿ, "ಶುರು."

ಗಡಿಯಲ್ಲಿ ಶಾಂತಿ, ಹೊಸ ಗಸ್ತು ದೋಣಿಗಳು, ಪೊಲೀಸರಿಗೆ ಹೊಸ ಬಂದೂಕು, ಎಲ್ಲ ಸರಾಗವಾಗಿ ಹೋಯಿತು. ಶಸ್ತ್ರಾಗಾರದ ಮಾತು ಬಂತು. ಮೂರು ಬಾರಿ ಎಚ್ಚರಿಕೆ ನೀಡಿದರೂ ನಿಲ್ಲಲಿಲ್ಲ ಎಂದು ಅವರು ಓದಿದರು, ಅವಳು ಕೈಯಲ್ಲಿ ಹೇಳಿದಳು. ಬಾಯಿ ಬಿಡುತ್ತಿಲ್ಲ ಎಂದರು, ಅದನ್ನೂ ಹೇಳಿದಳು. ಮನೆಯಲ್ಲಿ ಅಮ್ಮ ಟಿವಿಯ ಮುಂದೆ ಕೂತು ತನ್ನ ಮಗಳ ಕೈಯಿಂದಲೇ ಈ ಮಾತು ಕೇಳುತ್ತಿದ್ದಾಳೆ ಎಂಬುದು ನೆನಪಾಗಿ ಅವಳಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಆದರೂ ಒಂದಕ್ಷರ ಬಿಡಲಿಲ್ಲ.

"ಪರಿಸ್ಥಿತಿ ಹತೋಟಿಯಲ್ಲಿದೆ. ಪ್ರಶ್ನೆಗಳಿದ್ದರೆ ಕೇಳಬಹುದು."

ಗುಳಿಕೆನ್ನೆ ಎದ್ದು ನಿಂತಳು. ಕೊರಳಿನ ಪಾಸನ್ನು ಎತ್ತಿ ತೋರಿಸಿದಳು. ಹತೋಟಿ ಸಾಹೇಬರ ಮುಖ ಅರಳಿತು. ಕ್ಯಾಮೆರಾದ ಕಡೆ ತಿರುಗಿ, "ನೋಡಿ, ನಮ್ಮ ಸರ್ಕಾರ ಎಲ್ಲರ ಮಾತನ್ನೂ ಕೇಳುತ್ತೆ. ಬನ್ನಿ ತಾಯಿ, ಧೈರ್ಯವಾಗಿ ಕೇಳಿ," ಎಂದರು. ಪಾಪ, ಯಾರಿವಳು ಏನು ಎತ್ತ ಎಂದು ಅವರಿಗೇನು ಗೊತ್ತು! ತಾವೇ ಕೈಯಾರೆ ಮೈಕನ್ನು ಮೂಲೆಯತ್ತ ಸರಿಸಿ, "ಏನಂತಾರೆ ಹೇಳಿಮ್ಮ," ಎಂದರು.

ಗುಳಿಕೆನ್ನೆಯ ಕೈಗಳು ಆಡತೊಡಗಿದವು. ಇಯರ್‌ಫೋನಿನಲ್ಲಿ ಅಧಿಕಾರಿ ಸಿಡಿದ, "ಅದು ಅವನ ಅಕ್ಕ ಅಂತಲ್ರೀ, ಆಸ್ಪತ್ರೆಯಿಂದ ಈಗ ಫೋನ್ ಬಂತು! ಧನ್ಯವಾದ ಹೇಳ್ತಿದಾರೆ ಅಂದ್ಬಿಡಿ. ಅಷ್ಟೇ ಸಾಕು. ಯಾರಿಗೂ ತಿಳಿಯಲ್ಲ."

ನಿಜವೇ. ಯಾರಿಗೂ ತಿಳಿಯುತ್ತಿರಲಿಲ್ಲ. ಕಿವಿ ಇದ್ದವರಿಗೆ ಕೈಮಾತು ಬಾರದು, ಕೈಮಾತು ಬಂದವರಿಗೆ ಅವಳ ದನಿ ಕೇಳದು. ಧನ್ಯವಾದ ಎಂದರೆ ಸಂಜೆ ಮನೆಗೆ ಹೋಗಿ ಎಂದಿನಂತೆ ಉಣ್ಣಬಹುದಿತ್ತು. ಇಲ್ಲವಾದರೆ ಕೆಲಸ ಹೋಗುತ್ತದೆ, ಈ ಕೆಲಸವೊಂದೇ ಅಲ್ಲ, ಯಾವ ಸರ್ಕಾರಿ ಕಚೇರಿಯೂ ಅವಳನ್ನು ಹತ್ತಿರ ಸೇರಿಸುವುದಿಲ್ಲ. ಆಮೇಲೆ ಮನೆಗೆ ಯಾರು ಬರುತ್ತಾರೋ ಏನೋ. ಅವಳು ಕಿವಿಯಿಂದ ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿದಳು.

"ನಾನು ಗುಂಡೇಟು ತಿಂದವನ ಅಕ್ಕ," ಎಂದಳು ಮೈಕಿನಲ್ಲಿ. ಇನ್ನೊಬ್ಬರ ಮಾತನ್ನು 'ನಾನು' ಎಂದೇ ಹೇಳಬೇಕು, ಅದೂ ಕಸುಬಿನ ನಿಯಮ. "ಅವನು ಬಡಗಿ. ಹುಟ್ಟಿದಾಗಿಂದ ಅವನಿಗೆ ಕಿವಿ ಕೇಳಲ್ಲ. ನನಗೂ ಕೇಳಲ್ಲ. ಮೂರು ಸಲ ಎಚ್ಚರಿಕೆ ಕೊಟ್ವಿ ಅಂದ್ರಿ. ಯಾರಿಗೆ ಕೊಟ್ರಿ? ಅವನ ಬೆನ್ನಿಗಾ?"

ಹತೋಟಿ ಸಾಹೇಬರ ನಗು ಮುಖದ ಮೇಲೆ ಹಾಗೇ ಉಳಿದುಬಿಟ್ಟಿತ್ತು.

"ಅದು... ಆ ಮಾಹಿತಿ ನಮ್ಮ ಗಮನಕ್ಕೆ... ವಿಚಾರಣೆಗೆ ಆತ ಸಹಕರಿಸಿದ್ದರೆ..."

ಆ ತಡವರಿಕೆಯನ್ನೂ ಅವಳು ಬಿಡದೆ ಕೈಯಲ್ಲಿ ಹೇಳಿದಳು, ಒಂದೊಂದು 'ಅದು'ವನ್ನೂ. ಗುಳಿಕೆನ್ನೆ ಅದನ್ನು ಪೂರ್ತಿ ನೋಡಿದಳು. ಆಮೇಲೆ ಎರಡೂ ಮುಂಗೈಗಳನ್ನು ಒಂದರ ಮೇಲೊಂದು ಅಡ್ಡವಾಗಿ ಇಟ್ಟು, ಬಿಗಿಯಾಗಿ ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು. ಬೆರಳೂ ಅಲುಗಲಿಲ್ಲ.

ಹತೋಟಿ ಸಾಹೇಬರು ಬೆವರು ಒರೆಸಿಕೊಂಡರು. "ಈಗೇನು ಹೇಳ್ತಿದಾರೆ?"

"ಏನೂ ಹೇಳ್ತಿಲ್ಲ ಸಾರ್. ತಮ್ಮನ ಹಾಗೆ ನಿಂತಿದಾರೆ, ಹೇಳೋಕಾಗ್ತಿಲ್ಲ. ಆಸ್ಪತ್ರೇಲಿ ಅವನ ಎರಡೂ ಕೈಗೆ ಕೋಳ ಹಾಕಿದೀರಿ."

ನೇರಪ್ರಸಾರ ನಿಲ್ಲಿಸಿದರು. ಆದರೆ ಅಷ್ಟು ಹೊತ್ತಿಗೆ ಹೋಗಬೇಕಾದಲ್ಲಿಗೆಲ್ಲ ಹೋಗಿಯಾಗಿತ್ತು. ಪತ್ರಕರ್ತರು ಕುರ್ಚಿ ತಳ್ಳಿಕೊಂಡು ವಕ್ತಾರರ ಮೇಲೆ ಮುಗಿಬಿದ್ದರು. ಎಲ್ಲರ ಬಾಯಲ್ಲೂ ಕೋಳದ ಮಾತೇ.

ಮಾಹಿತಿ ಅಧಿಕಾರಿ ಕಾರಿಡಾರಿನಲ್ಲಿ ಅವಳನ್ನು ಅಡ್ಡಗಟ್ಟಿದ. ಮುಖ ಕೆಂಡವಾಗಿತ್ತು. "ಎಷ್ಟು ಸೊಕ್ಕು ನಿಮಗೆ! ನಾಳೆಯಿಂದ ಈ ಕಟ್ಟಡದ ಕಡೆ ತಲೆಹಾಕಿ ಕೂಡ ಮಲಗಬೇಡಿ!"

"ಆಯ್ತು ಸಾರ್. ಆದ್ರೆ ಒಂದಕ್ಷರ ಸೇರಿಸಿದೀನಾ? ಒಂದಕ್ಷರ ಬಿಟ್ಟಿದೀನಾ? ನೀವೇ ಹೇಳಿ."

ಅಷ್ಟರಲ್ಲಿ ಅವಳ ಫೋನು ಜೇಬಿನಲ್ಲಿ ನಡುಗಿತು. ಅಮ್ಮನ ವಿಡಿಯೋ ಕರೆ. ಅಮ್ಮನ ಕೈಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. "ಟಿವೀಲಿ ನಿನ್ನ ಬಾಯಿ ಆಡ್ತಾ ಇತ್ತು. ಅವಳು ಹೇಳಿದ್ದು ಕಾಣಿಸ್ತು. ನೀನು ಏನಂದೆ?"

ಅವಳು ಫೋನನ್ನು ಕಿಟಕಿಗೆ ಒರಗಿಸಿಟ್ಟು, ಅಧಿಕಾರಿಯ ಎದುರಿಗೇ, ಹೇಳಿದ್ದಷ್ಟನ್ನೂ ಮೊದಲಿಂದ ಕೈಯಲ್ಲಿ ಹೇಳಿದಳು. ಅಮ್ಮ ಕೆನ್ನೆ ಒರೆಸಿಕೊಂಡು, "ಉಪ್ಪು ಖಾರ ಸೇರಿಸ್ಲಿಲ್ಲ ತಾನೇ?" ಎಂದು ಕೇಳಿದಳು. ಅವಳಿಗೆ ನಗು ಬಂತು, ನಗುತ್ತಾ ನಗುತ್ತಾ ಅಳುವೂ ಬಂತು.

ಸಂಜೆ ಆಸ್ಪತ್ರೆಯಿಂದಲೇ ಕರೆ ಬಂತು. ಡಾಕ್ಟರು ಹೇಳಿಕೆ ಬರೆದುಕೊಳ್ಳಬೇಕು, ಕೈಮಾತು ಬಲ್ಲವರು ಬೇಕು ಎಂದು. ಅವಳೂ ಗುಳಿಕೆನ್ನೆಯೂ ಹೋದಾಗ ಕಾವಲಿದ್ದ ಸಶಸ್ತ್ರ ಪೇದೆ ಮಂಚದ ಬಳಿ ಬೀಗದಕೈ ಹಿಡಿದು ಒದ್ದಾಡುತ್ತಿದ್ದ. ಮೀಸೆ ಈಗಷ್ಟೇ ಚಿಗುರುತ್ತಿದ್ದ ವಯಸ್ಸು. ಮೇಲಿನವರಿಂದ ಅಪ್ಪಣೆ ಬಂದಿದೆಯೆಂದು ಗೊಣಗುತ್ತಾ ಒಂದು ಕೋಳ ಬಿಚ್ಚಿದ, ಇನ್ನೊಂದನ್ನೂ ಬಿಚ್ಚಿದ.

ಪೆನ್ಸಿಲ್ ಮುಂಗೈ ಉಜ್ಜಿಕೊಂಡ. ಅಕ್ಕನನ್ನು ನೋಡಿದ, ಇವಳನ್ನು ನೋಡಿದ. ಆದರೆ ಮೊದಲು ಮಾತಾಡಿಸಿದ್ದು ಪೇದೆಯನ್ನು.

"ಏನಂತಾನೆ?" ಎಂದ ಪೇದೆ, ಒಂದು ಹೆಜ್ಜೆ ಹಿಂದೆ ಸರಿದು.

ಅವಳು ಬಡಗಿಯ ಕೈಗಳನ್ನೇ ನೋಡುತ್ತಾ ಹೇಳಿದಳು, "ಯಾಕಪ್ಪಾ ಗುಂಡು ಹೊಡೆದ್ರಿ? ಎದುರಿಗೆ ಬಂದು ಒಂದು ಕೈ ಎತ್ತಿದ್ರೆ ಸಾಕಿತ್ತು. ನಿಂತುಬಿಡ್ತಿದ್ದೆ."

ಪೇದೆ ಬಂದೂಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಬರಿದಾದ ಕೈಯನ್ನು ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.