ತಳ ಹತ್ತಿದ ಹಾಲು

ಆ ಮನೆಯಲ್ಲಿ ಈರುಳ್ಳಿ ಹೆಚ್ಚುವುದು ಮಾವನ ಕೆಲಸ. ಸೊಸೆ ಈರುಳ್ಳಿ ಮುಟ್ಟುವಂತಿಲ್ಲ, ಬೆಳ್ಳುಳ್ಳಿ ಸುಲಿಯುವಂತಿಲ್ಲ, ಘಮಘಮಿಸುವ ಸೋಪು ಹಚ್ಚುವಂತಿಲ್ಲ. ಅವಳ ಮೂಗಿನಿಂದ ಮನೆ ನಡೆಯುತ್ತಿತ್ತು. ಎಸೆನ್ಸ್ ಕಾರ್ಖಾನೆಯಲ್ಲಿ ಅವಳು ರುಚಿ ಕೂಡಿಸುವವಳು. ಐಸ್‌ಕ್ರೀಮಿಗೋ ಬಿಸ್ಕತ್ತಿಗೋ ಮಕ್ಕಳ ಕೆಮ್ಮಿನ ಸಿರಪ್ಪಿಗೋ ಯಾವ ಹಣ್ಣಿನ ವಾಸನೆ ಬೇಕೆಂದರೂ ಮೇಜಿನ ಮೇಲಿನ ಸೀಸೆಗಳಿಂದ ತೊಟ್ಟು ತೊಟ್ಟಾಗಿ ಹುಟ್ಟಿಸಿಕೊಡುತ್ತಿದ್ದಳು. ಅಲ್ಲಿನವರಿಗೆಲ್ಲ ಅವಳು ಮೂಗಕ್ಕ. ಗಂಡ ಹಡಗಿನ ಅಡುಗೆಯವನು, ರಜೆ ಸಿಕ್ಕಾಗ ಬಂದುಹೋಗುವ ನೆಂಟ. ಮನೆಯಲ್ಲಿ ಅವಳು, ಮಾವ, ಹೈಸ್ಕೂಲಿಗೆ ಹೋಗುವ ಮಗಳು ಪುಟ್ಟಿ.

ಮಾವನೂ ಒಂದು ಕಾಲಕ್ಕೆ ಅದೇ ಮೇಜಿನ ಹಿಂದೆ ಕೂತವರೇ. ಸಿಗರೇಟು ಅವರ ಮೂಗನ್ನು ಸದ್ದಿಲ್ಲದೆ ತಿಂದುಹಾಕಿತ್ತು. ನಿಂಬೆ ಯಾವುದು, ಕಿತ್ತಳೆ ಯಾವುದು ಎಂದು ತಿಳಿಯದೆ ತಡವರಿಸಿದ ದಿನ ಕಾರ್ಖಾನೆಯ ಯಜಮಾನರು ಅವರನ್ನು ಎಬ್ಬಿಸಿ, ಕೆಲಸ ಕಲಿಯುತ್ತಿದ್ದ ಸೊಸೆಯನ್ನು ಕೂರಿಸಿದ್ದರು. ಆದರೂ ಹಿತ್ತಿಲ ನಲ್ಲಿಯ ಪಕ್ಕ ಅವರ ಹೊಗೆ ನಿಂತಿರಲಿಲ್ಲ.

"ಮೀಸೆ ಬರೋ ಮುಂಚಿಂದ ಸೇದ್ತಿದೀನಿ. ನನಗೇನಾಗಿದೆ?"

"ಮೂಗೊಂದು ಬಿಟ್ರೆ ಎಲ್ಲಾ ಜಾಗದಲ್ಲೇ ಇದೆ, ಅಲ್ವಾ ತಾತ?" ಪುಟ್ಟಿ ಕಿಚಾಯಿಸುತ್ತಿದ್ದಳು.

"ಲೇ ಬಾಯಿಬಡುಕಿ, ಈರುಳ್ಳಿ ಹೆಚ್ಚೋಕೆ ಮೂಗು ಯಾಕೆ? ಇಲ್ಲದಿದ್ರೇ ವಾಸಿ."

ಕಸುಬಿನ ಜೊತೆಗೆ ಮಾವ ಸೊಸೆಗೆ ಒಂದು ಕಟ್ಟುಪಾಡನ್ನೂ ಕಲಿಸಿದ್ದರು. ಸೀಸೆ ಬಾಗಿಲು ದಾಟಿದ ಮೇಲೆ ಎಲ್ಲಿಗೆ, ಯಾವುದಕ್ಕೆ ಎಂದು ಕೇಳಕೂಡದು. ಅದೇ ಕಸುಬು ಮಾಡಿದ ಅವರ ಅಪ್ಪನೂ ಕೇಳಿದವನಲ್ಲ. ಅದು ಗಿರಾಕಿಯ ಗುಟ್ಟು, ಕಸುಬಿನ ಮರ್ಯಾದೆ. ಆ ಮರ್ಯಾದೆಯನ್ನು ಮೂಗಕ್ಕ ಒಮ್ಮೆಯೂ ಮೀರಿರಲಿಲ್ಲ.

ಹಿಂದೊಮ್ಮೆ ಯಜಮಾನರು ಬಂದು, "ಹೊಸ ಗಿರಾಕಿಗೆ ಬಾಳೆಹಣ್ಣು ಬೇಕಂತೆ, ಮೂಗಕ್ಕಾ. ಅಂಗಡಿ ಬಾಳೆಹಣ್ಣಲ್ಲ, ಮನೆ ಬಾಳೆಹಣ್ಣು," ಎಂದಿದ್ದರು. ಆಗ ಅವಳಿಗೆ ನೆನಪಾದದ್ದು ತೊಟ್ಟಿಲು ಬಿಟ್ಟಿಳಿದ ಹೊತ್ತಿನ ಪುಟ್ಟಿ. ಏನು ಕೊಟ್ಟರೂ ಉಗಿಯುತ್ತಿದ್ದ ಮಗು. ಒಂದು ಸಂಜೆ ಒಲೆಯ ಮೇಲಿನ ಹಾಲು ತಳ ಹತ್ತಿತು. ಮನೆಯಲ್ಲಿ ಬೇರೆ ಹಾಲಿರಲಿಲ್ಲ. ವಿಧಿಯಿಲ್ಲದೆ ಅದಕ್ಕೇ ಬಾಳೆಹಣ್ಣು ಕಿವುಚಿ ಬಾಯಿಗಿಟ್ಟರೆ, ಮಗು ಬಟ್ಟಲು ನೆಕ್ಕಿತ್ತು! ಅಂದಿನಿಂದ ಅವಳು ಬೇಕೆಂದೇ ಹಾಲು ತಳ ಹತ್ತಿಸುತ್ತಿದ್ದಳು. ಅದನ್ನೇ ಸೀಸೆಗೂ ಇಳಿಸಿದಳು. ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಪುಟ್ಟ ಬಾಣಲೆಯಿಟ್ಟು, ಹಾಲು ಕಂದಾಗಿ ಇನ್ನೇನು ಕಪ್ಪಾಗಬೇಕು ಎನ್ನುವಾಗ ಇಳಿಸಿ, ಅದರ ಸಾರದ ಒಂದೇ ತೊಟ್ಟನ್ನು ಬಾಳೆಹಣ್ಣಿಗೆ ಬೆರೆಸಿದಳು. ಮೂಸಿ ನೋಡಿದ ಯಜಮಾನರು ಕಣ್ಣು ಮುಚ್ಚಿಕೊಂಡು, "ನಮ್ಮಮ್ಮ ಎದ್ದು ಬಂದಂಗಾಯ್ತು," ಎಂದರು. ಲೋಕದಲ್ಲಿ ಇನ್ನೊಬ್ಬರು ಹೀಗೆ ಸೀದದ್ದನ್ನು ಸಿಹಿಗೆ ಸೇರಿಸಲಾರರೆಂದು ಅವಳಿಗೂ ಒಳಗೊಳಗೇ ಹೆಮ್ಮೆಯಾಗಿತ್ತು.

ಅದೊಂದು ರಜೆಯ ಬೆಳಗ್ಗೆ. ಪುಟ್ಟಿ ಮೆಟ್ಟಿಲ ಮೇಲೆ ಕೂತಿದ್ದಳು, ಅಮ್ಮ ಹಿಂದೆ ಕೂತು ಸಿಕ್ಕು ಬಿಡಿಸುತ್ತಿದ್ದಳು. ಕೆಲವು ವಾರಗಳಿಂದ ಹುಡುಗಿಗೆ ಒಣಕೆಮ್ಮು. ಕೇಳಿದರೆ ಸ್ಕೂಲಿನ ಧೂಳು ಎನ್ನುತ್ತಿದ್ದಳು. ಅವಳು ಆಕಳಿಸಿದಾಗ ಬಾಳೆಹಣ್ಣಿನ ವಾಸನೆ ಬಂತು. ಅದರ ಹಿಂದೆಯೇ, ಕಳ್ಳಹೆಜ್ಜೆಯಿಟ್ಟು, ತಳ ಹತ್ತಿದ ಹಾಲು.

ಮೂಗಕ್ಕನಿಗೆ ಮೊದಲು ನಗು ಬಂತು. ಕಾರ್ಖಾನೆಯನ್ನು ಮೈಮೇಲೆ ಹೊತ್ತು ತಂದಿದ್ದೀನಲ್ಲ ಎಂದುಕೊಂಡು ಸೆರಗು ಮೂಸಿದಳು. ಒಗೆದ ಸೀರೆ. ಕೈ ಮೂಸಿದಳು. ಏನೂ ಇಲ್ಲ.

"ಬಾಯಿ ತೆಗಿ."

"ಏನಮ್ಮಾ?"

"ತೆಗಿ ಅಂದೆ. ಉಸಿರು ಬಿಡು."

ತಿಂದದ್ದರ ವಾಸನೆ ನಾಲಿಗೆಯ ಮೇಲಿರುತ್ತದೆ. ಇದು ಇನ್ನೂ ಆಳದಿಂದ, ಬೆಚ್ಚಗೆ, ಎದೆಗೂಡಿನ ತಳದಿಂದ ಏಳುತ್ತಿತ್ತು. ಹಾಗೆ ಏಳುವ ಇನ್ನೊಂದು ಉಸಿರನ್ನು ಅವಳು ಚೆನ್ನಾಗಿ ಬಲ್ಲಳು, ಮಾವನದು.

ಅವಳು ಎದ್ದು, ವಾಸನೆಯ ಜಾಡು ಹಿಡಿದು ಪುಟ್ಟಿಯ ಸ್ಕೂಲ್ ಬ್ಯಾಗಿನ ಪೆನ್ಸಿಲ್ ಚೀಲಕ್ಕೆ ಹೋದಳು. ದಪ್ಪನೆಯ, ಹಳದಿ ಬಣ್ಣದ, ಗೆರೆ ಎಳೆಯುವ ಪೆನ್ನಿನಂಥದ್ದು. ಬರೆಯುವ ತುದಿಯ ಬದಲು ತೂತು.

"ವೇಪ್ ಅಷ್ಟೇ ಅಮ್ಮಾ," ಪುಟ್ಟಿಯ ದನಿ ಸಣ್ಣದಾಯಿತು. "ಎಲ್ಲರೂ ಎಳೀತಾರೆ. ಸಿಗರೇಟಲ್ಲ. ಬರೀ ಫ್ಲೇವರ್."

"ಅಷ್ಟೊಂದು ಇರುತ್ತಲ್ಲ, ಇದನ್ನೇ ಯಾಕೆ ತಗೊಂಡೆ?"

"ಬೇರೆ ಯಾವುದೂ ಹಿಡಿಸ್ಲಿಲ್ಲ. ಇದು... ಗೊತ್ತಿಲ್ಲ ಕಣಮ್ಮಾ. ಎಳೆದ್ರೆ ನೀನು ಪಕ್ಕದಲ್ಲೇ ಇದ್ದಂಗಿರುತ್ತೆ."

ಅವಳು ಅದನ್ನು ಹಿಡಿದು ನೇರ ಅಡುಗೆಮನೆಗೆ ಹೋಗಿ, ತನ್ನ ಬಾಳೆಹಣ್ಣು ಇದರೊಳಗಿದೆ ಎಂದು ಮಾವನಿಗೆ ತೋರಿಸಿದಳು.

ಮಾವ ಈರುಳ್ಳಿಯಿಂದ ತಲೆ ಎತ್ತಲಿಲ್ಲ. "ಅದಾ? ಯಜಮಾನ್ರು ಹೇಳಿದ್ರು ನನಗೆ, ಆ ಎಳೆಯೋ ಮೆಷೀನು ಮಾಡೋರಿಗೆ ಹೋಗುತ್ತೆ ಅಂತ."

"ನಿಮಗೆ ಗೊತ್ತಿತ್ತಾ?"

"ಅಯ್ಯೋ, ಅದೇನು ಹೊಗೆಯೇ? ಹಬೆ. ನೆಗಡಿ ಬಂದ್ರೆ ನೀನೇ ಮಗೂಗೆ ಕಂಬಳಿ ಹೊದಿಸಿ ಹಬೆ ಕೊಡ್ತಿರಲಿಲ್ವಾ? ನೀನು ಕೂಡಿಸೋದೆಲ್ಲಾ ತಿನ್ನೋ ವಸ್ತು. ತಿಂದ್ರೆ ಕೊಲ್ಲದ್ದು ಮೂಸಿದ್ರೆ ಕೊಲ್ಲುತ್ತಾ? ಕಸುಬಲ್ಲಿ ಅದನ್ನೆಲ್ಲಾ ಕೇಳ್ತಾ ಕೂತ್ರೆ ಒಲೆ ಉರಿಯಲ್ಲ ಮಗಾ."

ಆ ಪೆನ್ನನ್ನು ಅವಳು ಬಡಿದು ಪುಡಿ ಮಾಡಿದಳು. ಬಿಡುವುದು ಪುಡಿ ಮಾಡಿದಷ್ಟು ಸುಲಭವಿರಲಿಲ್ಲ. ಪುಟ್ಟಿ ಉಣ್ಣದಾದಳು, ಸಣ್ಣ ಮಾತಿಗೂ ಉರಿದು ಬಿದ್ದಳು, ಕೈ ನಡುಗಿದರೆ ಪುಸ್ತಕದಡಿ ಬಚ್ಚಿಟ್ಟಳು. ಆಣೆ ಮಾಡಿ ಅತ್ತಳು. ಅತ್ತು ಮುಗಿಸಿ ಗೆಳತಿಯರಿಂದ ಇನ್ನೊಂದು ತಂದಳು. ಒಂದು ಮಧ್ಯಾಹ್ನ ಸ್ಕೂಲಿನ ಮೆಟ್ಟಿಲ ನಡುವೆ ಉಸಿರು ಸಿಗದೆ ಕುಸಿದು ಬಿದ್ದಳು. ಮೂಗಕ್ಕ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗಳ ತುಟಿ ಶಾಯಿ ಕುಡಿದಂತೆ ನೀಲಿಯಾಗಿತ್ತು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಕಪ್ಪಾಗಿ ಕಾಣಬೇಕಾದ ಎದೆಯ ತುಂಬ ಬಿಳಿ ಮಂಜು. "ಇದು ಆ ವೇಪಿನ ಕೆಲಸ," ಎಂದರು.

"ಆದ್ರೆ ಡಾಕ್ಟ್ರೇ, ಅದರೊಳಗಿರೋದು ತಿನ್ನೋ ವಸ್ತು," ಎಂದಳು ಮೂಗಕ್ಕ. ಬಾಯಿಂದ ಬಂದದ್ದು ಮಾವನ ಮಾತು. ಅವಳಿಗೇ ಅಸಹ್ಯವಾಯಿತು.

"ತಿನ್ನೋದಕ್ಕೆ ಹೊಟ್ಟೆ ಇದೆಯಮ್ಮಾ. ಅರಗಿಸುತ್ತೆ, ಬೇಡದ್ದನ್ನ ಆಚೆ ಹಾಕುತ್ತೆ. ಶ್ವಾಸಕೋಶಕ್ಕೆ ಗಾಳಿ ಬಿಟ್ರೆ ಬೇರೆ ಯಾವುದನ್ನೂ ಅರಗಿಸೋಕೆ ಬರಲ್ಲ. ಜೊತೆಗೆ ನಿಕೋಟಿನ್ ಬೇರೆ. ಬೆಳೆಯೋ ಮಿದುಳು ಅದಕ್ಕೆ ಬೇಗ ದಾಸ ಆಗಿಬಿಡುತ್ತೆ. ಬರೀ ನಿಕೋಟಿನ್ ಆಗಿದ್ರೆ ಗಂಟಲು ಉರಿದು ಮಕ್ಕಳು ಮೊದಲ ಸಲವೇ ಬಿಸಾಕ್ತಿದ್ರು. ಒಳಗೆ ಇಳಿಸಿದ್ದು ಆ ರುಚಿ."

ಆ ರುಚಿ. ಮೂಗಕ್ಕ ಹಾಸಿಗೆಯ ಕಂಬಿ ಹಿಡಿದುಕೊಂಡಳು. ಆಕ್ಸಿಜನ್ ಮುಖವಾಡದೊಳಗಿಂದ ಪುಟ್ಟಿ ಏನೋ ಪಿಸುಗುಟ್ಟುತ್ತಿದ್ದಳು. ನೀರು ಬೇಕೇನೋ ಎಂದು ಅಮ್ಮ ಕಿವಿಯಿಟ್ಟಳು.

"ಒಂದೇ ಒಂದ್ಸಲ ಎಳೀತೀನಮ್ಮಾ. ಒಂದೇ ಸಲ."

ಸಂಜೆ ಗೆಳತಿಯರು ಬಂದರು. ಎರಡು ಜಡೆ, ಸಮವಸ್ತ್ರ, ಅತ್ತು ಕೆಂಪಾದ ಮೂಗುಗಳು. ಓಡಿ ಬಂದು ಮೂಗಕ್ಕನನ್ನು ಸುತ್ತುವರಿದು ತಬ್ಬಿಕೊಂಡರು. ಬಿಕ್ಕುವ ಅಷ್ಟೂ ಬಾಯಿಗಳಿಂದ ಒಂದೇ ವಾಸನೆ ಎದ್ದಿತು. ಬಾಳೆಹಣ್ಣು, ತಳ ಹತ್ತಿದ ಹಾಲು. ತನ್ನ ಅಡುಗೆಮನೆ ಇಷ್ಟು ಮಕ್ಕಳ ಎದೆಯೊಳಗೆ ಕೂತಿದೆ! ಅವಳು ಆ ತೋಳುಗಳನ್ನು ಬಿಡಿಸಿಕೊಂಡು ಹೇಳಿದಳು:

"ಅದನ್ನ ಮಾಡಿದ್ದು ನಾನು. ನೀವು ಎಳೀತೀರಲ್ಲ, ಆ ಬಾಳೆಹಣ್ಣು. ನಾನೇ ಮಾಡಿದ್ದು."

ಬಯ್ಯುತ್ತಾರೆ, ಉಗಿಯುತ್ತಾರೆ, ಹಿಂದೆ ಸರಿಯುತ್ತಾರೆ ಎಂದುಕೊಂಡಿದ್ದಳು. ಎಲ್ಲರಿಗಿಂತ ಚಿಕ್ಕವಳಂತೆ ಕಾಣುವ ಹುಡುಗಿ ಕಣ್ಣೊರೆಸಿಕೊಂಡು ಅವಳನ್ನು ಬೆರಗಿನಿಂದ ನೋಡಿದಳು.

"ನಿಜವಾಗ್ಲೂ ಆಂಟಿ? ತುಂಬಾ ಚೆನ್ನಾಗಿದೆ."

ಪುಟ್ಟಿ ಬದುಕಿದಳು. ಆದರೆ ಅಡುಗೆಮನೆಯಿಂದ ಜಗಲಿಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುವವಳಾಗಿ ಮನೆಗೆ ಬಂದಳು. ಮುಂದೆ ಎಷ್ಟು ಸರಿಹೋಗುತ್ತದೆಂದು ಡಾಕ್ಟರು ಮಾತು ಕೊಡಲಿಲ್ಲ.

ಮೂಗಕ್ಕ ಕಾರ್ಖಾನೆಗೆ ಹೋದ ದಿನ ಯಜಮಾನರು ಮಗುವಿನ ಆರೋಗ್ಯ ವಿಚಾರಿಸಿ, ಕುರ್ಚಿ ಎಳೆದು ಕೂರಿಸಿ, "ಗಿರಾಕಿ ಇನ್ನೊಂದು ಕೇಳ್ತಿದಾನೆ. ಇನ್ನೂ ಸ್ವಲ್ಪ ಸಿಹಿ. ಚಿಕ್ಕವರಿಗೆ ಹಿಡಿಸೋ ಹಾಗೆ," ಎಂದರು.

"ಯಾವುದಕ್ಕೆ?"

"ಏನು ಯಾವುದಕ್ಕೆ?"

"ಬಾಯಿಗೋ, ಎದೆಗೋ? ಎದೆಗಾದ್ರೆ ನನ್ನ ಕೈಯಲ್ಲಿ ಆಗಲ್ಲ."

"ಏನು ಮೂಗಕ್ಕಾ, ನಿಮ್ಮ ಮಾವನ ಕಾಲದಿಂದ ಇಲ್ಲದ ಪದ್ಧತಿ! ನೀನು ಬಿಟ್ರೆ ಇನ್ನೊಬ್ಬಳು ಮಾಡ್ತಾಳೆ."

"ಮಾಡಬಹುದು. ಅವಳಿಗೂ ಕೇಳೋದು ಕಲಿಸಿಯೇ ಹೋಗ್ತೀನಿ."

ಹಿಂದಿನ ಕೋಣೆಯ ಬಾಣಲೆಯನ್ನು ಅವಳು ಕಂಕುಳಲ್ಲಿಟ್ಟುಕೊಂಡಳು, ಅದು ಅವಳ ಮನೆಯದು. ಸೀಸೆ ತುಂಬುವ ಹೆಂಗಸರ ಉದ್ದನೆಯ ಮೇಜಿನ ಬಳಿ ನಿಂತು ಎಲ್ಲವನ್ನೂ ಹೇಳಿದಳು. ಕೆಲವರು ತಲೆ ತಗ್ಗಿಸಿದರು. ಒಬ್ಬಳು ತುಂಬುತ್ತಿದ್ದ ಸೀಸೆಯನ್ನು ಮೂಸಿ, ಕೆಳಗಿಟ್ಟು, ಮತ್ತೆ ಮುಟ್ಟಲಿಲ್ಲ. ಅವಳಿಗೂ ಆ ವಯಸ್ಸಿನ ಮಗನಿದ್ದ.

ಮನೆಯಲ್ಲಿ ಮಾವ ಈರುಳ್ಳಿ ಹೆಚ್ಚುತ್ತಿದ್ದರು. ಮೂಗಕ್ಕ ಅವರ ಎದುರು ಕೂತು, ಕೈಯಿಂದ ಚಾಕು ತೆಗೆದುಕೊಂಡು, ಆ ಕಸುಬಿಗೆ ಬಂದ ಮೇಲೆ ಮೊದಲ ಸಲ ಒಂದು ಈರುಳ್ಳಿಯನ್ನು ಎರಡು ಹೋಳು ಮಾಡಿದಳು. ಒಳಕೋಣೆಯಿಂದ ಪುಟ್ಟಿಯ ಉಸಿರು ಹಳೆಯ ತಿದಿಯಂತೆ ಕೇಳುತ್ತಿತ್ತು. ಮಾವ ಅದನ್ನೇ ಆಲಿಸಿದರು. ಆಮೇಲೆ ಜೀವಮಾನವಿಡೀ ಕೇಳದಿದ್ದ ಮನುಷ್ಯ ಕೇಳಿದರು:

"ಆಸ್ಪತ್ರೆಗೆ ಬಂದಿದ್ರಲ್ಲ, ಆ ಹುಡುಗಿಯರ ಅಮ್ಮಂದಿರಿಗೆ ಗೊತ್ತಾ?"

"ಇಲ್ಲ ಮಾವಾ."

ಅವರು ಚಾಕುವನ್ನು ಮೆಲ್ಲಗೆ ವಾಪಸು ತೆಗೆದುಕೊಂಡರು.

"ಏಳು, ಕೈ ತೊಳ್ಕೋ. ಆ ಮನೆಗಳಿಗೆಲ್ಲಾ ಹೋಗ್ಬೇಕು. ಎಲ್ಲೆಲ್ಲಿ ಬಚ್ಚಿಟ್ಟಿದಾರೋ. ನಿನ್ನ ಮೂಗು ಬೇಕಾಗುತ್ತೆ."