ಎಲ್ಲರ ಕೈ ಮೇಲೇಳುವ ತನಕ

ಕುರಾಮೊಚಿ ಮೇಷ್ಟ್ರು ಮಕ್ಕಳಿಗೆ ಬೈದವರೇ ಅಲ್ಲ. ತಕರಾರು ಏನೇ ಇರಲಿ, ಸಂಜೆ ಮನೆಗೆ ಹೊರಡುವ ಮುಂಚಿನ ಸಭೆಯಲ್ಲಿ ಆರನೆಯ ತರಗತಿಯ ಮಕ್ಕಳೇ ಮಾತಾಡಿ ತೀರ್ಮಾನಿಸಬೇಕು. ತೀರ್ಮಾನಕ್ಕೆ ಎಲ್ಲರ ಕೈಯೂ ಮೇಲೇಳಬೇಕು. ಒಂದು ಕೈ ಕೆಳಗಿದ್ದರೂ ಯಾರೂ ಹೊರಗಿನ ಬೂಟು ಹಾಕಿಕೊಂಡು ಮನೆಗೆ ಹೊರಡುವಂತಿಲ್ಲ. ಒಗ್ಗಟ್ಟು ಕಲಿಸುವ ಈ ಪದ್ಧತಿಯನ್ನು ಬೇರೆ ಶಾಲೆಯವರೂ ಬಂದು ನೋಡಿ, ತಲೆದೂಗಿ ಹೋಗಿದ್ದರು.

ಆ ಸಂಜೆ ಮಾತು ಬಂದದ್ದು ಉದ್ದ ಹಗ್ಗದ ಬಗ್ಗೆ. ಇಬ್ಬರು ಬೀಸುವ ಹಗ್ಗವನ್ನು ಇಡೀ ತರಗತಿ ಒಟ್ಟಿಗೆ ಜಿಗಿಯಬೇಕು. ಒಬ್ಬರ ಕಾಲಿಗೆ ತಗುಲಿದರೂ ಎಣಿಕೆ ಮತ್ತೆ ಮೊದಲಿನಿಂದ. ಶನಿವಾರ ಸ್ಪರ್ಧೆ. ಹಗ್ಗ ತಗುಲುತ್ತಿದ್ದದ್ದು ಕೊಜುಯೆಯ ಕಾಲಿಗೆ.

ಆದರೆ ಅವಳಿಗೆ ಆ ಸಾಲಿನಲ್ಲಿ ನಿಲ್ಲಲೇಬೇಕಿತ್ತು. ಎಲ್ಲರ ಕಾಲೂ ಒಮ್ಮೆಲೇ ನೆಲ ಬಿಟ್ಟಾಗ ಒಂದು ಕ್ಷಣ ಸದ್ದೇ ಇರುವುದಿಲ್ಲ. ಆ ಕ್ಷಣದಲ್ಲಿ ತಾನೂ ಇರಬೇಕೆಂದು ಬೆಳಿಗ್ಗೆ ಮನೆಯ ಹಿಂದೆ ಒಬ್ಬಳೇ ಜಿಗಿಯುತ್ತಿದ್ದಳು.

"ಕೊಜುಯೆ ಎಣಿಸ್ಲಿ. ಎಣಿಸೋದೂ ಕೆಲಸಾನೇ ಅಲ್ವಾ?" ಎಂದ ಸೋಗೊ.

"ಪೆಟ್ಟಾದವರನ್ನ ಬಿಟ್ಟು ಎಲ್ರೂ ಜಿಗೀಬೇಕು ಕಣೋ, ನಿಯಮ ಅದು," ಎಂದಿತು ಹಿಂದಿನ ಸಾಲಿನ ದನಿಯೊಂದು.

"ಹಾಗಾದ್ರೆ ಮಂಡಿ ನೋವು ಅನ್ನೋಣ," ಎಂದಳು ತಮಾಕಿ. ಒಂದನೆಯ ತರಗತಿಯಿಂದ ಕೊಜುಯೆಯ ಜೊತೆಗೇ ಶಾಲೆಗೆ ಬರುವವಳು. "ನನ್ನ ಹತ್ರ ಬ್ಯಾಂಡೇಜಿದೆ. ನಿನ್ನ ಒಳ್ಳೇದಕ್ಕೇ ಕಣೇ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕುಳಿತಿದ್ದರು. ನಡುವೆ ಬಾಯಿ ಹಾಕದಿರುವುದೂ ಪದ್ಧತಿಯೇ.

ಕೈಗಳು ಎದ್ದವು. ಒಂದು ಮಾತ್ರ ಏಳಲಿಲ್ಲ.

"ನಂಗೆ ಟ್ಯೂಷನ್ನಿದೆ," ಎಂದು ಯಾರೋ ಗೊಣಗಿದರು.

"ಬಲವಂತ ಏನಿಲ್ಲ ಕೊಜುಯೆ, ನೀನೇ ಯೋಚ್ನೆ ಮಾಡು," ಎಂದ ಸೋಗೊ, ಸೋತ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದು.

ಯಾರೂ ಅವಳನ್ನು ನೋಡುತ್ತಿರಲಿಲ್ಲ. ಎಲ್ಲರೂ ಗಡಿಯಾರ ನೋಡುತ್ತಿದ್ದರು. ಹೊರಗೆ ಬೇರೆ ತರಗತಿಗಳ ಗಲಾಟೆ ಗೇಟು ದಾಟಿ ಅಡಗಿತು. ಕೊಜುಯೆ ಕೈ ಎತ್ತಿದಳು.

ಚಪ್ಪಾಳೆ ಬಿತ್ತು. "ನೋಡಿದ್ರಾ, ನಾನು ಒಂದು ಮಾತೂ ಆಡ್ಲಿಲ್ಲ," ಎಂದರು ಮೇಷ್ಟ್ರು. ಅವರ ಕಣ್ಣು ಒದ್ದೆಯಾಗಿತ್ತು.

ಶನಿವಾರ ಕೊಜುಯೆ ನೆಟ್ಟಗಿದ್ದ ಮಂಡಿಗೆ ತಮಾಕಿ ಕೊಟ್ಟ ಪಟ್ಟಿ ಸುತ್ತಿಕೊಂಡು ಬೆಂಚಿನ ಮೇಲೆ ಕುಳಿತು ಎಣಿಸಿದಳು. ಅಮ್ಮ ಸ್ಪರ್ಧೆ ನೋಡಲು ಬಂದಿದ್ದರಿಂದ ಮನೆಯಲ್ಲೂ ಕುಂಟಬೇಕಾಯಿತು. ಎಣಿಕೆ ಏರುತ್ತಿದ್ದಂತೆ ಹಗ್ಗ ತಮಾಕಿಯ ಕಾಲಿಗೆ ತಗುಲಿತು. ಮತ್ತೆ ಮೊದಲಿನಿಂದ. ಮತ್ತೆ ತಮಾಕಿ. ತರಗತಿ ಸೋತಿತು.

ಸೋಮವಾರದ ಸಭೆಯಲ್ಲೂ ಮಾತು ಹಗ್ಗದ್ದೇ. ಮುಂದಿನ ತಿಂಗಳು ಇನ್ನೊಂದು ಸ್ಪರ್ಧೆಯಿತ್ತು. ಕೊಜುಯೆ ಎದ್ದು, ಒಗೆದು ನೀಟಾಗಿ ಸುರುಳಿ ಸುತ್ತಿದ ಪಟ್ಟಿಯನ್ನು ತಮಾಕಿಯ ಮೇಜಿನ ಮೇಲಿಟ್ಟಳು. "ನಿನ್ನ ಒಳ್ಳೇದಕ್ಕೇ ಕಣೇ," ಎಂದು ಮೊದಲ ಕೈ ತಾನೇ ಎತ್ತಿದಳು.

ಒಂದೊಂದಾಗಿ ಉಳಿದ ಕೈಗಳೂ ಎದ್ದವು, ತಮಾಕಿಯದೊಂದು ಬಿಟ್ಟು. ತಮಾಕಿ ತುಟಿ ಕಚ್ಚಿ, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಿದ್ದಳು. ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು.

"ನಿಧಾನಕ್ಕೆ ಯೋಚ್ನೆ ಮಾಡು," ಎಂದಳು ಕೊಜುಯೆ. "ನಂಗೇನೂ ಮನೆಗೆ ಹೋಗೋ ಆತುರ ಇಲ್ಲ."